ಮೊಳಕೆ ಪರೀಕ್ಷೆ

ಮಾರುತೇಶ ಚಳ್ಳಕೆರೆಯಿಂದ ಶೇಂಗಾ ಸುಲಿಯುವ ಮೆಷಿನ್ ತಂದು ಅಂಗಳದಲ್ಲಿ ಇಳಿಸಿದ. ಅವನ ತಾಯಿ ಯರ್ರಮ್ಮ ಅದರತ್ತ ತಿರುಗಿಯೂ ನೋಡಲಿಲ್ಲ.

"ಈ ಸಲ ಆರಾಮಾಗಿ ಕುತ್ಕ ಅವ್ವ. ಬಿತ್ತನೆ ಬೀಜಾನೆಲ್ಲ ಇದೇ ಸುಲಿದು ಹಾಕ್ತೈತೆ."

"ನಂಗೆ ಆರಾಮ ಬೇಕು ಅಂತ ಯಾರ್ಲೇ ಹೇಳಿದ್ದು?"

ಬಿ.ಜಿ. ಕೆರೆಯ ಆ ಓಣಿಯಲ್ಲಿ ಬಿತ್ತನೆ ಬೀಜವನ್ನು ಕೈಯಲ್ಲೇ ಸುಲಿಯುವುದು ರೂಢಿ. ಮಳೆಗಾಲಕ್ಕೆ ಮುಂಚೆ ಹೆಂಗಸರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರುತ್ತಾರೆ. ಕೈ ಶೇಂಗಾ ಸುಲಿಯುತ್ತದೆ, ಬಾಯಿ ಊರನ್ನೇ ಸುಲಿಯುತ್ತದೆ. ವರ್ಷಪೂರ್ತಿ ಸೊಂಟನೋವು ಎನ್ನುವ ಯರ್ರಮ್ಮ ಆ ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಚಕ್ಕಳಮಕ್ಕಳ ಹಾಕಿ ಕೂತು ನಗುತ್ತಾಳೆ. ಮೆಷಿನ್ ಬೀಜವನ್ನಷ್ಟೇ ಸುಲಿಯುತ್ತದೆ.

"ಮೆಷಿನ್ನಾಗೆ ಸುಲಿದ್ರೆ ಬೀಜದ ಸಿಪ್ಪೆ ಹರೀತೈತೆ. ಹುಟ್ಟಲ್ಲ," ಎಂದಳು.

"ನೋಡೇ ಬಿಡಾನ. ಹುಟ್ಟಿದ್ರೆ ಮೆಷಿನ್ನು. ಹುಟ್ಟದಿದ್ರೆ ನಿನ್ನ ಗುಂಪು."

ಮೆಷಿನ್ನಿನಲ್ಲಿ ಸುಲಿದ ಒಂದು ಹಿಡಿ ಬೀಜವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಚ್ಚಲ ಮೂಲೆಯಲ್ಲಿಟ್ಟ. ಅವತ್ತಿನಿಂದ ಯರ್ರಮ್ಮ ಊಟದ ತಟ್ಟೆಯಿಂದ ಅರ್ಧಕ್ಕೇ ಏಳತೊಡಗಿದಳು.

ನೋಡುವ ದಿನ ಬಂತು. ಮಾರುತೇಶ ಹೊಲದಲ್ಲಿದ್ದಾಗ ಹೆಂಡತಿ ಕಾವ್ಯ ಗೋಣಿ ಬಿಚ್ಚಿದಳು. ಒಂದೂ ಬಿಡದಂತೆ ಮೊಳಕೆ ಬಂದಿತ್ತು, ಬೆಳ್ಳಗೆ, ದಪ್ಪಗೆ. ಹಿಂದೆ ನಿಂತಿದ್ದ ಯರ್ರಮ್ಮ ಬಗ್ಗಿ ನೋಡಿದಳು.

"ಚೆನ್ನಾಗೇ ಹುಟ್ಟೈತೆ ಬಿಡು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಹೋದಳು.

ಕಾವ್ಯ ಸ್ವಲ್ಪ ಹೊತ್ತು ಅಲ್ಲೇ ಕೂತಳು. ಮದುವೆಯಾಗಿ ಬಂದ ವರ್ಷ ಅತ್ತೆ ತನ್ನನ್ನು ನೋಡಿ ಮೊದಲ ಸಲ ನಕ್ಕದ್ದು ಬೀಜ ಸುಲಿಯುವಾಗಲೇ. ಎದ್ದು ಮೊಳಕೆಕಾಳನ್ನೆಲ್ಲ ಪಾತ್ರೆಗೆ ಹಾಕಿಕೊಂಡಳು. ಅಡುಗೆ ಡಬ್ಬಿಯಲ್ಲಿದ್ದ ಒಣ ಶೇಂಗಾ ಬೀಜವನ್ನು ಗೋಣಿಗೆ ಸುರಿದು, ನೀರು ಚಿಮುಕಿಸಿ, ಮೊದಲಿನಂತೆ ಸುತ್ತಿಟ್ಟಳು.

ಮಧ್ಯಾಹ್ನ ಮಾರುತೇಶ ಬಂದು ಬಿಚ್ಚಿ ನೋಡಿದ. ಒಂದೂ ಹುಟ್ಟಿರಲಿಲ್ಲ. ಮೆಷಿನ್ ಮಾರಿದವನನ್ನು ಬಾಯಿತುಂಬ ಬೈದ. ಆಮೇಲೆ, "ಅವ್ವ, ನಿನ್ನ ಗುಂಪು ಕರಿ," ಎಂದ.

ಯರ್ರಮ್ಮ ಗೋಣಿ ನೋಡಿದಳು, ಸೊಸೆಯನ್ನು ನೋಡಿದಳು. ಸೊಸೆ ಒಗ್ಗರಣೆ ಹಾಕುವುದರಲ್ಲಿ ಮುಳುಗಿದ್ದಳು. ಯರ್ರಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮಾರುತೇಶ ಊಟಕ್ಕೆ ಕೂತ. ಕಾವ್ಯ ಮುದ್ದೆ ಇಟ್ಟು ಸಾರು ಬಿಟ್ಟಳು. ಚೆನ್ನಾಗಿರುವ ಕಾಳು ಎಸೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ತಟ್ಟೆಯಲ್ಲಿ ಶೇಂಗಾ ಬೀಜ, ಒಂದೊಂದಕ್ಕೂ ಮೊಳಕೆ.

ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಹೆಂಡತಿ ನೆಲ ನೋಡುತ್ತಿದ್ದಳು. ಓಣಿಯಲ್ಲಿ ಅವ್ವನ ದನಿ ಮನೆಯಿಂದ ಮನೆಗೆ ಹೋಗುತ್ತಿತ್ತು: "ಅಕ್ಕಾ, ನಾಳೆ ನಮ್ಮನೇಲಿ ಬೀಜ ಸುಲಿಯಾದೈತೆ." ಯಾರೋ ಏನೋ ಅಂದರು. ಅವ್ವ ಜೋರಾಗಿ ನಕ್ಕಳು.

ಮಾರುತೇಶ ಕಾಳನ್ನು ಬಾಯಿಗೆ ಹಾಕಿಕೊಂಡ.

"ಇನ್ನೊಂದು ಸೌಟು ಬಿಡು," ಎಂದ.