ಚಿಸೊಮೊ ಮಾಡಿದ ಅನುವಾದ

ಮಂಗಳೂರಿನಿಂದ ಮಲಾವಿಯ ಬಡ ಹಳ್ಳಿಯೊಂದಕ್ಕೆ ಬಂದಿದ್ದ ಫಾದರ್ ವಲೇರಿಯನ್‌ಗೆ ಆ ಭಾನುವಾರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಜಪಮಾಲೆ ಹಿಡಿದರೆ ಮಣಿ ತಪ್ಪುತ್ತಿತ್ತು. ತಗಡಿನ ಇಗರ್ಜಿಯಲ್ಲಿ ಅರ್ಧಕ್ಕರ್ಧ ಬೆಂಚುಗಳು ಖಾಲಿ. ಅವರ ಇಂಗ್ಲಿಷನ್ನು ಊರ ಮಾತಿಗೆ ತಿರುಗಿಸಲು ಉಪದೇಶಿ ಚಿಸೊಮೊ ಎಂದಿನಂತೆ ಪಕ್ಕದಲ್ಲಿ ನಿಂತಿದ್ದ.

"ಸೋಮಾರಿಗಳು ನೀವು! ದೇವರಿಗೆ ಒಂದು ಗಂಟೆ ಕೊಡಲಾರಿರಿ. ಹೀಗಾದರೆ ನಾನು ಇಲ್ಲಿರುವುದಾದರೂ ಯಾತಕ್ಕೆ?" ಫಾದರ್ ಗುಡುಗಿದರು.

ಚಿಸೊಮೊ ತಗ್ಗಿದ ದನಿಯಲ್ಲಿ ಅನುವಾದಿಸಿದ. ಜನ ಮುಖ ಗಂಟಿಕ್ಕಲಿಲ್ಲ; ಹೆಂಗಸರು ಕಣ್ಣೊರೆಸಿಕೊಂಡರು. ಫಾದರ್‌ಗೆ ಇನ್ನಷ್ಟು ಕಸಿವಿಸಿಯಾಯಿತು.

ಪೂಜೆ ಮುಗಿಸಿ ಮನೆಗೆ ಬಂದರೆ ಅಂಗಳದ ತುಂಬ ಜನ. ಇಗರ್ಜಿಗೆ ಬಾರದವರೂ ಇದ್ದರು. ಒಬ್ಬಳು ಮೆಕ್ಕೆಜೋಳದ ಮುದ್ದೆ ತಂದಿದ್ದಳು, ಇನ್ನೊಬ್ಬಳು ಬೇಯಿಸಿದ ಸೊಪ್ಪು. ಮುದುಕನೊಬ್ಬನ ಕಂಕುಳಲ್ಲಿ ಕೋಳಿ. ಎಲ್ಲರೂ ಸದ್ದಿಲ್ಲದೆ ನೆಲದ ಮೇಲೆ ಕುಳಿತರು.

"ಏನಿದು ಚಿಸೊಮೊ? ನಾನು ಬೈದದ್ದನ್ನು ನೀನು ಹೇಳಲಿಲ್ಲವೇ?"

"ಇಲ್ಲ ಫಾದರ್. ಮೊನ್ನೆ ನಿಮ್ಮೂರಲ್ಲಿ ನಿಮ್ಮ ತಾಯಿ ತೀರಿಕೊಂಡದ್ದನ್ನು, ಮಣ್ಣು ಕೊಡಲಿಕ್ಕೂ ನಿಮಗೆ ಹೋಗಲಾಗದ್ದನ್ನು ಹೇಳಿಬಿಟ್ಟೆ."