ಎಲ್ಲಾ ಅರ್ಧ ಆಗಿದೆ

ಮುದ್ದಯ್ಯ ತನ್ನ ಮೊಬೈಲನ್ನು ಧರ್ಮೇಂದ್ರನ ಮೇಜಿನ ಮೇಲೆ ಕುಕ್ಕಿದ. "ಗದ್ದೇಲಿ ಬತ್ತ ಉದುರ್ತಾ ಅದೆ, ಮ್ಯಾಲೆ ಮೋಡ. ಕಟಾವು ಮಿಷನ್ ಬುಕ್ ಮಾಡನ ಅಂತ ನಿಮ್ಮ ಆಪ್ ಒತ್ತುದ್ರೆ ಇವತ್ತಿನ ರಾಶಿಫಲ ತೋರುಸ್ತದಲ್ರಪ್ಪಾ!"

ಕೃಷ್ಣರಾಜನಗರದ ಗೊಬ್ಬರದಂಗಡಿಯ ಮೇಲಿದ್ದ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಯ ಮಾಲೀಕ ಧರ್ಮೇಂದ್ರ ನಕ್ಕ. "ಬುಕಿಂಗೂ ಬರ್ತದೆ ಮುದ್ದಯ್ನೋರೆ. ಅರ್ಧ ಆಗದೆ."

ಅಲ್ಲಿ ಎಲ್ಲವೂ ಅರ್ಧವೇ ಆಗಿತ್ತು. ಹವಾಮಾನ, ಗೊಬ್ಬರದ ದರ, ರೈತರಿಗೊಂದು ರಸಪ್ರಶ್ನೆ, ಟ್ರ್ಯಾಕ್ಟರ್ ಜೊತೆ ಸೆಲ್ಫಿ. ಧರ್ಮೇಂದ್ರನಿಗೆ ಬೆಳಿಗ್ಗೆ ಸ್ನಾನ ಮಾಡುವಾಗ ಹೊಸ ಯೋಚನೆ ಹೊಳೆಯುತ್ತಿತ್ತು. ಅವನು ಆಫೀಸಿಗೆ ಬರುತ್ತಲೇ ಪ್ರೋಗ್ರಾಮರುಗಳಾದ ರೂಪಶ್ರೀ, ಚೇತನ್‌ಕುಮಾರ್ ಇಬ್ಬರೂ ಕೈಲಿದ್ದದ್ದನ್ನು ಬಿಟ್ಟು ಅದನ್ನು ಹಿಡಿಯಬೇಕು. ರಾಶಿಫಲ ಮಾತ್ರ ಪೂರ್ತಿಯಾಗಿತ್ತು. ಅದನ್ನು ಮಾಡುತ್ತಿದ್ದ ವಾರ ಧರ್ಮೇಂದ್ರ ಜ್ವರ ಬಂದು ಮಲಗಿದ್ದ.

ರೂಪಶ್ರೀ ಎದ್ದು ಬಂದಳು. "ಸಾರ್, ಬುಕಿಂಗ್ ಮುಗಿಯೋಗಂಟ ನಾವಿಬ್ರೂ ಬೇರೆ ಏನೂ ಮುಟ್ಟಲ್ಲ."

"ಮಿಕ್ಕಿದ್ದೆಲ್ಲಾ ನಿಂತೋಯ್ತದಲ್ಲಮ್ಮಾ!"

"ಈಗ್ಲೂ ನಿಂತೇ ಅವೆ ಸಾರ್. ಓಡ್ತಾ ಇರೋರು ನಾವಿಬ್ರೇ."

ಮುದ್ದಯ್ಯ ಕುರ್ಚಿ ಎಳೆದುಕೊಂಡು, ಉತ್ತರ ಕೇಳಿಯೇ ಹೋಗುವವನಂತೆ ಕುಳಿತ. ಧರ್ಮೇಂದ್ರ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ.

ಮರುದಿನ ಬಾಗಿಲಲ್ಲೇ "ಒಂದು ಐಡಿಯಾ ಬಂತು ಕಣ್ರೋ" ಎಂದ. ರೂಪಶ್ರೀ ತಲೆ ಎತ್ತಲಿಲ್ಲ. ಚೇತನ್‌ಕುಮಾರ್ ಕಿವಿಗೆ ಇಯರ್‌ಫೋನ್ ತುರುಕಿಕೊಂಡ. ಧರ್ಮೇಂದ್ರ ಕೆಳಗಿಳಿದು ಅದನ್ನು ಗೊಬ್ಬರದಂಗಡಿಯವನಿಗೆ ಹೇಳಿ ಸಮಾಧಾನಪಟ್ಟುಕೊಂಡ. ಮೇಲೆ ಇಬ್ಬರೂ ಒಂದೇ ತೊಡಕಿಗೆ ತಲೆ ಕೊಟ್ಟು ಕೂತಿದ್ದರು. ತಿಂಗಳುಗಟ್ಟಲೆ ಕುಂಟಿದ ಬುಕಿಂಗ್ ವಾರದೊಳಗೆ ಮುಗಿಯಿತು.

ಮೊದಲ ಮಿಷನ್ ಹೋದದ್ದು ಮುದ್ದಯ್ಯನ ಗದ್ದೆಗೆ. "ಮಿಷನ್ ಗದ್ದೆಗಿಳೀತು ಕಣವ್ವಾ! ಮಳೆಗಿಂತ ಮುಂಚೆನೇ ಇಳೀತು!" ಎಂದು ಅವನು ಫೋನಿನಲ್ಲಿ ಕೂಗುತ್ತಿದ್ದರೆ ಹಿಂದೆ ಎಂಜಿನ್ ಭೋರ್ಗರೆಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಒಂದು ಕೆಲಸ ಮುಗಿದಿತ್ತು. ರೂಪಶ್ರೀಗೆ ಒಂದು ಗಳಿಗೆ ಸುಮ್ಮನೆ ಕೂರಬೇಕೆನಿಸಿತು.

ಧರ್ಮೇಂದ್ರನ ಮುಖವೂ ಅರಳಿತ್ತು. ಅವಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ.

"ನೀನು ಯೋಳಿದ್ದು ನಿಜ ಕಣಮ್ಮಾ. ಒಂದು ಹಿಡಿದಿದ್ದಕ್ಕೇ ಇಷ್ಟು ಬೇಗ ಆಯ್ತು. ನಾಳೆಯಿಂದ ಹತ್ತು ಹಿಡಿಯನ. ಇನ್ನೆಷ್ಟು ಬೇಗ ಆಗ್ಬೋದು, ಯೋಚ್ನೆ ಮಾಡು!"