ಮಣ್ಣಿನ ಮೇಲಿನ ಎರಡು ಗೆರೆ

ಎಣ್ಣೆ, ಅರಿಶಿನ, ನಿಂಬೆರಸ ಕಲೆಸಿದ ಕೆಂಪು ಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿಯೇ ಕುತ್ತಿಗೆಯ ಹಿಂದಕ್ಕೆ ಹೋಗುತ್ತದೆ.

ಅಂದು ಮಧ್ಯಾಹ್ನ ಕಾಕಾನಿಗೆ ಬಾದಾಮಿ ಹಾಲು ಕೊಡಲು ಜಮಖಂಡಿಯ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋಗಿದ್ದೆ. ಹುಡುಗಿಯರು ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿನಿಂದಲೇ ನೋಡಿದೆ. ಜೋಡಿಯ ಪೈಲವಾನ ಎತ್ತಿ ಒಗೆದಾಗ ಕಾಕಾ ತಲೆಕೆಳಗಾಗಿ ಮಣ್ಣಿಗೆ ಬಿದ್ದ. ಕುತ್ತಿಗೆ ಮಡಚಿಕೊಂಡಿತು.

"ನನ್ನ ಮುಟ್ಟಬ್ಯಾಡ್ರಿ," ಅಂದ ಕಾಕಾ. "ಕೈ ಜುಮ್ ಅನ್ನಾಕತ್ತಾವು."

ಕುಸ್ತಿ ಕಲಿಸುವ ವಸ್ತಾದರು ಓಡಿ ಬಂದರು. ಕಾಕಾನನ್ನು ಚಿಕ್ಕಂದಿನಿಂದ ಬೆಳೆಸಿದವರು ಅವರೇ.

"ಪೈಲವಾನ ತಾಲೀಮಿನ್ಯಾಗಿಂದ ಮಕ್ಕೊಂಡು ಹೊರಗ ಹೋಗಬಾರ್ದು. ಹಂಗ ಹೋಗೂದು ಹೆಣ. ಎಬ್ಬಸ್ರಿ, ಮಣ್ಣಿಗಿ ಕೈ ಮುಗದು ನಡಕೋತ ಹೋಗ್ಲಿ."

ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿದರು. ಜೋತುಬಿದ್ದ ತಲೆಯನ್ನು ವಸ್ತಾದರು ಕೂಸಿನ ತಲೆ ಹಿಡಿದಂತೆ ಎರಡೂ ಅಂಗೈಯಲ್ಲಿ ಹಿಡಿದು ನೆಟ್ಟಗೆ ಮಾಡಿದರು. "ಆತು ನೋಡು, ಏನೂ ಆಗಿಲ್ಲ."

ಕಾಕಾನ ಪಾದಗಳು ಮಣ್ಣಿನಲ್ಲಿ ಎರಡು ಗೆರೆ ಎಳೆಯುತ್ತ ಹೊಸ್ತಿಲು ದಾಟಿ ನನ್ನ ಮುಂದೆ ಬಂದವು. ಹಾಲು ಇನ್ನೂ ಬೆಚ್ಚಗಿತ್ತು.

ಆಮೇಲೆ ವಸ್ತಾದರು ದಿನಾ ನಮ್ಮ ಮನೆಗೆ ಬಂದು, ಒಂದು ಮಾತೂ ಆಡದೆ, ಕಾಕಾನ ಕಾಲಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದರು. ಒಂದು ದಿನ ಕಾಕಾ ಮಲಗಿದಲ್ಲಿಂದಲೇ ತೊಲೆ ನೋಡುತ್ತ ನನ್ನನ್ನು ಕೇಳಿದ:

"ವಸ್ತಾದರು ಇವತ್ತ ಬಂದಿಲ್ಲೇನವಾ?"

ವಸ್ತಾದರ ಎರಡೂ ಕೈ ಅವನ ಮೊಣಕಾಲ ಮೇಲಿದ್ದವು.